ಗೆರೆಗೆ ಕಟ್ಟಿದ ಅಂಕಿ

ನಮ್ಮ ನಕ್ಷೆ ಕಚೇರಿಯಲ್ಲಿ ಅವರ ನಿಜವಾದ ಹೆಸರು ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ. ಉಳಿದವರಿಗೆಲ್ಲ ಅವರು ಸ್ಕೇಲಕ್ಕ. ಒಂದಡಿ ಉದ್ದದ ಉಕ್ಕಿನ ಸ್ಕೇಲು ಸದಾ ಅವರ ಕೈಯಲ್ಲಿರುತ್ತಿತ್ತು. ಮಾತಾಡುವಾಗ ಅದರಲ್ಲೇ ಮೇಜು ಕುಟ್ಟುತ್ತಿದ್ದರು, ಬೆನ್ನು ತುರಿಸಿಕೊಳ್ಳುತ್ತಿದ್ದರು, ಯಾರಾದರೂ ಅವರ ಕುರ್ಚಿ ಎಳೆದುಕೊಂಡರೆ ಅದನ್ನೇ ತೋರಿಸಿ ಹೆದರಿಸುತ್ತಿದ್ದರು. ನಾನು ಹನ್ನೊಂದು ವರ್ಷ ಅವರ ಜೊತೆ ಕೆಲಸ ಮಾಡಿದವನು, ಮೊದಲ ನಾಲ್ಕು ವರ್ಷ ಪಕ್ಕದ ಮೇಜಿನಲ್ಲೇ ಕೂತವನು. ಈಗ ಹೇಳಹೊರಟಿರುವುದರಲ್ಲಿ ನನ್ನದೂ ಒಂದು ಪಾಲಿದೆ. ಹೇಳಿಕೊಳ್ಳುವಂಥದ್ದಲ್ಲ, ಆದರೂ ಹೇಳುತ್ತೇನೆ.

ಹತ್ತನೇ ತರಗತಿಯಲ್ಲಿ ಅವರಿಗೆ ಗಣಿತದಲ್ಲಿ ಬಂದದ್ದು ಇಪ್ಪತ್ತೇಳು ಅಂಕ. ಮೇಷ್ಟ್ರು ಉತ್ತರ ಪತ್ರಿಕೆಯನ್ನು ಇಡೀ ತರಗತಿಗೆ ಎತ್ತಿ ತೋರಿಸಿ, ಅಕ್ಷರ ಮುತ್ತಿನ ಹಾಗಿದೆ, ತಲೆಗೆ ಮಾತ್ರ ಲೆಕ್ಕ ಹತ್ತುವುದಿಲ್ಲ ಎಂದಿದ್ದರಂತೆ. ಅಪ್ಪ ಅದನ್ನೇ ತೀರ್ಪೆಂದು ತಿಳಿದು ತಮ್ಮನನ್ನು ಟ್ಯೂಷನ್ನಿಗೆ ಕಳಿಸಿದರು, ಮಗಳನ್ನು ಓದು ಬಿಡಿಸಿದರು. ಹತ್ತೊಂಬತ್ತನೇ ವಯಸ್ಸಿಗೆ ಅವರು ನಮ್ಮ ಕಚೇರಿಗೆ ಬಂದರು. ಎಂಜಿನಿಯರುಗಳು ಪೆನ್ಸಿಲ್ಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ, ಗೆರೆಗೆ ಗೆರೆ ಕೂಡಿಸಿ ಶಾಯಿಯಲ್ಲಿ ತಿದ್ದುವ ಕೆಲಸ. ಕೈ ನಡುಗಬಾರದು, ಬೆವರು ಬೀಳಬಾರದು, ಯಾಕೆ ಏನು ಎಂದು ಕೇಳಬಾರದು. ಮೊದಲೆರಡು ಅವರಿಗೆ ಸಲೀಸು. ಮೂರನೆಯದು ಕೊನೆಯವರೆಗೂ ಬರಲಿಲ್ಲ.

ಅವರಿಗೆ ಮೂವತ್ತೊಂಬತ್ತಾದಾಗ ಕಚೇರಿಗೆ ಕಂಪ್ಯೂಟರ್ ಬಂತು. ಬರೆಯುವ ಹಲಗೆಗಳನ್ನೆಲ್ಲ ಗುಜರಿಗೆ ಹಾಕಿದರು. ಆರು ಜನ ನಕ್ಷೆಗಾರರಲ್ಲಿ ನಾಲ್ವರು, ಈ ವಯಸ್ಸಿನಲ್ಲಿ ಇದೆಲ್ಲ ಯಾರಿಗೆ ಬೇಕು ಎಂದು ಮನೆಗೆ ಹೋದರು. ಸ್ಕೇಲಕ್ಕ ಹೋಗಲಿಲ್ಲ. ಮೂರು ವಾರ ಅವರ ಮೌಸು ಮೇಜಿನಿಂದ ಕೆಳಗೆ ಬೀಳುತ್ತಲೇ ಇತ್ತು. ಅವರು ಬಗ್ಗಿ ಎತ್ತಿಕೊಳ್ಳುತ್ತಲೇ ಇದ್ದರು. ಒಂದೊಂದು ಆಜ್ಞೆಯನ್ನೂ ಕನ್ನಡದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರು. ಡಿಗ್ರಿ ಮಾಡಿ ಬಂದ ನನಗಿಂತ ಆರು ತಿಂಗಳಲ್ಲಿ ಅವರೇ ಚುರುಕಾದರು.

ಲೆಕ್ಕದ ಕಿಟಕಿ ಅವರಿಗೆ ಸಿಕ್ಕಿದ್ದು ಆಕಸ್ಮಿಕವಾಗಿ. ಎರಡು ಗೋಡೆಗಳ ನಟ್ಟನಡುವೆ ಒಂದು ಕಂಬ ಕೂರಿಸಬೇಕಿತ್ತು. ತಪ್ಪು ಕೀಲಿ ಒತ್ತಿದಾಗ ಪರದೆಯ ಮೂಲೆಯಲ್ಲಿ ಕ್ಯಾಲ್ಕುಲೇಟರಿನಂಥ ಒಂದು ಚೌಕ ತೆರೆದುಕೊಂಡಿತು. ಅದು ಅಂಗಡಿಯಲ್ಲಿ ಸಿಗುವ ಕ್ಯಾಲ್ಕುಲೇಟರಿನ ಹಾಗಿರಲಿಲ್ಲ. ನಕ್ಷೆಯ ಮೇಲೆ ಎರಡು ಕಡೆ ಮೌಸು ಒತ್ತಿ ತೋರಿಸಿದರೆ ನಡುವಿನ ದೂರವನ್ನು ತಾನೇ ಓದಿಕೊಳ್ಳುತ್ತಿತ್ತು. ಅದನ್ನು ಭಾಗಿಸು, ಕೂಡಿಸು ಎಂದರೆ ಉತ್ತರವನ್ನು ನೇರವಾಗಿ ಎಳೆಯುತ್ತಿದ್ದ ಗೆರೆಗೇ ಕೊಡುತ್ತಿತ್ತು. ನಾವೆಲ್ಲ ಆ ಕಿಟಕಿಯನ್ನು ಕಂಡಿದ್ದೆವು, ಅಡ್ಡ ಬಂದಾಗಲೆಲ್ಲ ಮುಚ್ಚಿದ್ದೆವು. ಜೇಬಿನ ಕ್ಯಾಲ್ಕುಲೇಟರಿನಲ್ಲಿ ಗುಣಿಸಿ, ಬಂದದ್ದನ್ನು ಚೀಟಿಯಲ್ಲಿ ಬರೆದು, ಮತ್ತೆ ಟೈಪ್ ಮಾಡುವುದೇ ನಮಗೆ ರೂಢಿ. ಸ್ಕೇಲಕ್ಕ ಅದನ್ನು ಮುಚ್ಚಲಿಲ್ಲ. ಆ ದಿನ ಊಟಕ್ಕೂ ಏಳಲಿಲ್ಲ.

ಸಂಜೆ ಹೊರಡುವಾಗ ನನಗೆ ಹೇಳಿದ ಮಾತು ಇನ್ನೂ ನೆನಪಿದೆ. "ನಂಗೆ ಲೆಕ್ಕ ಬರಲ್ಲ ಅಂದ್ರಲ್ಲ ತಮ್ಮ, ಸುಳ್ಳು. ಲೆಕ್ಕ ಕಾಗದದ ಮೇಲೆ ಬರ್ತಿರಲಿಲ್ಲ, ಅಷ್ಟೆ. ಗೋಡೆ, ಬಾಗಿಲು ಕಣ್ಣೆದುರಿಗೆ ಇದ್ರೆ ಯಾಕೆ ಬರಲ್ಲ?"

ಅಲ್ಲಿಂದ ಅವರನ್ನು ಹಿಡಿಯುವವರಿರಲಿಲ್ಲ. ಕೋಣೆಯ ಸುತ್ತ ಗೆರೆ ಸುತ್ತಿಸಿ ವಿಸ್ತೀರ್ಣ ತೆಗೆಯುವುದು ಕಲಿತರು. ನಕ್ಷೆಯೊಳಗೇ ಕೋಷ್ಟಕ ಹಾಕಿ, ಅದರ ಮನೆಗಳಲ್ಲಿ ಸೂತ್ರ ಬರೆದು, ಅಂಕಿಗಳನ್ನು ಗೆರೆಗಳಿಗೇ ಕಟ್ಟುವುದು ಕಲಿತರು. ಹಾಗೆ ಕಟ್ಟಿದ ಮೇಲೆ ಯಾರಾದರೂ ಗೋಡೆಯನ್ನು ಒಂದು ಗೇಣು ಸರಿಸಿದರೂ ಸಾಕು, ಕೋಷ್ಟಕದ ಮೊತ್ತ ತಾನಾಗಿ ಬದಲಾಗುತ್ತಿತ್ತು.

ಒಮ್ಮೆ ಎಡವಿದರು. ಒಂದು ಸಭಾಂಗಣದ ನೆಲಕ್ಕೆ ಟೈಲ್ಸ್ ಎಷ್ಟು ಬೇಕೆಂದು ತೆಗೆಯುವಾಗ ಗೋಡೆಯ ಒಳಮೈ ಬಿಟ್ಟು ಹೊರಮೈ ಹಿಡಿದು ಸುತ್ತಿದ್ದರು. ನಲವತ್ತು ಪೆಟ್ಟಿಗೆ ಹೆಚ್ಚಿಗೆ ಬಂದು ಬಿತ್ತು. ನಮ್ಮ ಮುಖ್ಯ ಎಂಜಿನಿಯರ್, ಎಲ್ಲರೂ ಸಾಹೇಬರು ಎನ್ನುತ್ತಿದ್ದವರು, ಆವತ್ತು ಎಲ್ಲರೆದುರಿಗೆ ಒಂದು ಕಟ್ಟಳೆ ಮಾಡಿದರು. ಗೆರೆ ನಕ್ಷೆಗಾರರದು, ಲೆಕ್ಕ ಎಂಜಿನಿಯರುಗಳದು. ಆ ಕಿಟಕಿಯನ್ನು ಇನ್ನು ಮುಂದೆ ಯಾರೂ ತೆರೆಯಕೂಡದು.

ಸ್ಕೇಲಕ್ಕ ತಪ್ಪನ್ನು ಒಪ್ಪಿಕೊಂಡರು. ಕಟ್ಟಳೆಗೆ ಮಾತ್ರ ಸೊಪ್ಪು ಹಾಕಲಿಲ್ಲ. ಅಂದಿನಿಂದ ಒಂದೊಂದು ಲೆಕ್ಕವನ್ನೂ ಎರಡೆರಡು ದಾರಿಯಲ್ಲಿ ಮಾಡತೊಡಗಿದರು. ಒಮ್ಮೆ ಇಡೀ ಕೋಣೆಯನ್ನು ಸುತ್ತಿ, ಇನ್ನೊಮ್ಮೆ ಅದನ್ನು ಚೌಕ ಚೌಕವಾಗಿ ಒಡೆದು ಕೂಡಿಸಿ. ಎರಡೂ ತಾಳೆಯಾದರೆ ಮಾತ್ರ ಒಂದು ಚೀಟಿಯಲ್ಲಿ ಬರೆದು ನಕ್ಷೆಗೆ ಪಿನ್ ಮಾಡುತ್ತಿದ್ದರು: ಎಡಕ್ಕೆ ಎಂಜಿನಿಯರು ಕೊಟ್ಟ ಅಂಕಿ, ಬಲಕ್ಕೆ ತಮ್ಮದು. ಆರು ತಿಂಗಳಲ್ಲಿ ಹನ್ನೊಂದು ಕಡೆ ಎಡ ಬಲ ಬೇರೆಯಾದವು. ಒಂಬತ್ತರಲ್ಲಿ ಬಲಗಡೆಯದೇ ಸರಿ. ಸಾಹೇಬರು ಚೀಟಿಗಳನ್ನು ಕಿತ್ತು ಬುಟ್ಟಿಗೆ ಹಾಕುತ್ತಿದ್ದರು. ಆದರೆ ಹಾಕುವ ಮುಂಚೆ ಓದುತ್ತಿದ್ದರು, ನಕ್ಷೆಯೂ ತಿದ್ದಿಕೊಂಡು ಬರುತ್ತಿತ್ತು.

ಹೀಗಿರುವಾಗ ಆ ಆಸ್ಪತ್ರೆಯ ಕೆಲಸ ಬಂತು. ಇಪ್ಪತ್ತು ಹಾಸಿಗೆಯ ಚಿಕ್ಕ ಆಸ್ಪತ್ರೆ, ಮುದುಕ ಡಾಕ್ಟರೊಬ್ಬರು ಅದರ ಯಜಮಾನರು. ನೆಲಮಹಡಿ ಅಂಗಳಕ್ಕಿಂತ ತೊಂಬತ್ತು ಸೆಂಟಿಮೀಟರ್ ಎತ್ತರ. ಗಾಲಿಕುರ್ಚಿ ಏರಲು ಮುಂಬಾಗಿಲಿಗೆ ಇಳಿಜಾರು ಬೇಕಿತ್ತು. ನಿಯಮದ ಪ್ರಕಾರ ಹನ್ನೆರಡು ಅಡಿ ಮುಂದೆ ಹೋದರೆ ಒಂದು ಅಡಿ ಏರಬೇಕು, ಅದಕ್ಕಿಂತ ಕಡಿದಾಗಬಾರದು. ಅಂದರೆ ಹತ್ತು ಮೀಟರ್ ಎಂಬತ್ತು ಸೆಂಟಿಮೀಟರ್ ಉದ್ದ. ಸ್ಕೇಲಕ್ಕ ಹಾಗೆಯೇ ಬರೆದಿದ್ದರು, ಪಕ್ಕದಲ್ಲಿ ಪುಟ್ಟ ಕೋಷ್ಟಕ ಹಾಕಿ ಎತ್ತರ, ಉದ್ದ, ಇಳಿಜಾರು ಮೂರನ್ನೂ ಗೆರೆಗೆ ಕಟ್ಟಿದ್ದರು.

ನಕ್ಷೆ ಮುಗಿಯುವ ಹೊತ್ತಿಗೆ ಮುಂಭಾಗದಲ್ಲಿ ಔಷಧಿ ಅಂಗಡಿಯೊಂದು ಬೇಕೆಂದಾಯಿತು. ಸಾಹೇಬರು ತಾವೇ ಕೂತು ಅಂಗಡಿಯನ್ನು ಕೂರಿಸಿ, ಇಳಿಜಾರನ್ನು ಏಳು ಮೀಟರ್ ಇಪ್ಪತ್ತಕ್ಕೆ ಮೊಟಕುಮಾಡಿದರು. ಗೆರೆ ಚಿಕ್ಕದಾದ ಕೂಡಲೇ ಕೋಷ್ಟಕದಲ್ಲಿದ್ದ ಹನ್ನೆರಡು ಎಂಟಾಯಿತು, ಎಂದರೆ ನಿಯಮಕ್ಕಿಂತ ಕಡಿದು. ಅದನ್ನು ನೋಡಿ ಅವರು ಸ್ಕೇಲಕ್ಕನನ್ನು ಕರೆದರು. ನಾನು ಪಕ್ಕದಲ್ಲೇ ಇದ್ದೆ.

"ಇದನ್ನ ಬಿಡಿಸಿ, ಕೈಯಲ್ಲಿ ಹನ್ನೆರಡು ಅಂತ ಟೈಪ್ ಮಾಡಿ. ಉದ್ದದ ಅಳತೆ ಮೇಲೂ ಹಳೇ ಅಂಕಿನೇ ಇರ್ಲಿ," ಎಂದರು.

"ಗೆರೆ ಏಳು ಇಪ್ಪತ್ತೇ ಇದೆಯಲ್ಲ ಸರ್."

"ಗೆರೆ ಇದ್ದ ಹಾಗೆ ಇರ್ಲಿ. ಮಂಜೂರಾತಿಗೆ ಅಂಕಿ ನೋಡ್ತಾರೆ, ಗೆರೆ ಯಾರು ಅಳೀತಾರೆ?"

ಸ್ಕೇಲಕ್ಕ ಸ್ಕೇಲನ್ನು ಮೇಜಿನ ಮೇಲಿಟ್ಟರು. "ನಾನು ಮಾಡಲ್ಲ ಸರ್."

ಸಾಹೇಬರು ಮೊದಲು ನಕ್ಕರು. ಆಮೇಲೆ ಇಳಿಜಾರನ್ನು ಮಡಿಚಿ ಎರಡು ಪಟ್ಟಿ ಮಾಡಿದರೆ ಯಜಮಾನರ ಕಾರು ನಿಲ್ಲುವ ಜಾಗ ಹೋಗುತ್ತದೆ, ಅವರು ಒಪ್ಪುವುದಿಲ್ಲ, ಇದೆಲ್ಲ ನಕ್ಷೆಗಾರರಿಗೆ ಬೇಡದ ವಿಷಯ ಎಂದು ವಿವರಿಸಿದರು. ಕಟ್ಟಳೆ ನೆನಪಿಸಿದರು. ಟೈಲ್ಸಿನ ನಲವತ್ತು ಪೆಟ್ಟಿಗೆಯನ್ನೂ ನೆನಪಿಸಿದರು.

"ಅದು ತಪ್ಪು ಸರ್, ಗೊತ್ತಿಲ್ದೆ ಆಗಿದ್ದು. ಇದು ಗೊತ್ತಿದ್ದೂ ಮಾಡೋದು," ಎಂದು ಕಡ್ಡಿ ಮುರಿದ ಹಾಗೆ ಹೇಳಿ ಅವರು ತಮ್ಮ ಕುರ್ಚಿಗೆ ಹೋಗಿ ಕೂತರು.

ಅಂದು ಸಂಜೆ ಮನೆಯಲ್ಲಿ ನಡೆದದ್ದನ್ನು ಅವರೇ ಮುಂದೆ ನನಗೆ ಹೇಳಿದರು. ಮನೆ ಎಂದರೆ ಮುಂದಿನ ಕೋಣೆಯಲ್ಲಿ ಗಂಡನ ಗಡಿಯಾರ ರಿಪೇರಿಯ ಮೇಜು, ಹಿಂದೆ ಅಡುಗೆಮನೆ, ನಡುವಿನ ಕೋಣೆಯಲ್ಲಿ ಅತ್ತೆಯ ಮಂಚ. ಗಂಡ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಎಲ್ಲ ಕೇಳಿದರು. ಕೆಲಸದಿಂದ ತೆಗೆದರೆ ಏನು ಮಾಡುವುದು ಎಂದು ಸ್ಕೇಲಕ್ಕ ಕೇಳಿದಾಗ, ತೆಗೆಯಲಿ, ಆದರೆ ಬೆಳಗಾಗೆದ್ದು ನೀನಾಗೇ ಬಿಡಬೇಡ ಎಂದಷ್ಟೇ ಹೇಳಿದರು. ನಡುಕೋಣೆಯಿಂದ ಅತ್ತೆಯ ದನಿ ಬಂತು. ಇಪ್ಪತ್ತೈದು ವರ್ಷದಿಂದ ಸೊಸೆಯ ಸಾರಿಗೆ ಉಪ್ಪು ಹೆಚ್ಚೆಂದು ಮೂಗು ಮುರಿಯುತ್ತಲೇ ಬಂದ ಹೆಂಗಸು ಆಕೆ.

"ನನ್ನ ಹತ್ರ ಇಷ್ಟು ವರ್ಷ ಒಂದು ಮಾತೂ ಸೋತವಳಲ್ಲ ನೀನು. ಅವನ ಹತ್ರ ಯಾಕೆ ಸೋಲ್ತೀಯ?"

ಇದಕ್ಕಿಂತ ದೊಡ್ಡ ಹೊಗಳಿಕೆ ಆ ಮನೆಯಲ್ಲಿ ತಮಗೆ ಸಿಕ್ಕಿಲ್ಲವೆಂದು ಸ್ಕೇಲಕ್ಕ ಹೇಳುತ್ತಿದ್ದರು.

ಮರುದಿನ ಬೆಳಿಗ್ಗೆ ಸಾಹೇಬರು ನನ್ನನ್ನು ಕರೆದರು. ಅದೇ ಮಾತು. ಬಿಡಿಸು, ಟೈಪ್ ಮಾಡು. ನಾನು ಕೆಲಸಕ್ಕೆ ಸೇರಿ ಆಗ ನಾಲ್ಕು ವರ್ಷ. ಮನೆಯಲ್ಲಿ ಹೆಂಡತಿ ಬಸುರಿ. ಇವು ಕಾರಣಗಳಲ್ಲ, ಇದ್ದ ಸ್ಥಿತಿ ಹೇಳಿದೆ. ಸ್ಕೇಲಕ್ಕ ಕಟ್ಟಿದ್ದ ಗಂಟನ್ನು ನಾನು ಬಿಡಿಸಿದೆ. ಕೋಷ್ಟಕದಲ್ಲಿ ಎಂಟನ್ನು ಅಳಿಸಿ ಹನ್ನೆರಡು ಹಾಕಿದೆ. ಇಳಿಜಾರಿನ ಉದ್ದದ ಅಂಕಿಯ ಮೇಲೆ ಹತ್ತು ಸಾವಿರದ ಎಂಟುನೂರು ಮಿಲಿಮೀಟರ್ ಎಂದು ಟೈಪ್ ಮಾಡಿದೆ. ಎರಡು ನಿಮಿಷದ ಕೆಲಸ. ಪಕ್ಕದ ಮೇಜಿನಲ್ಲಿ ಅವರು ಬೇರೆ ಯಾವುದೋ ನಕ್ಷೆಯಲ್ಲಿ ತಲೆ ಹುದುಗಿಸಿಕೊಂಡಿದ್ದರು. ನನ್ನ ಕಡೆ ತಿರುಗಲಿಲ್ಲ.

ಪ್ರತಿ ನಕ್ಷೆಯ ಬಲಮೂಲೆಯಲ್ಲಿ ಬರೆದವರು ಸಹಿ ಹಾಕುವ ಚೌಕ ಇರುತ್ತದೆ. ಆ ನಕ್ಷೆ ಅವರದೇ ಆದ್ದರಿಂದ ಸಹಿಗೆಂದು ಅವರ ಬಳಿಗೇ ಹೋಯಿತು. ಸಹಿ ಇಲ್ಲದೆ ವಾಪಸು ಬಂತು. ಎರಡನೇ ಸಲ ಕಳಿಸಿದರು, ಹಾಗೆಯೇ ಬಂತು. ಮೂರನೇ ಸಲ ಸಾಹೇಬರೇ ಹಿಡಿದುಕೊಂಡು ಬಂದರು. ಸ್ಕೇಲಕ್ಕ ಪೆನ್ನಿನ ಮುಚ್ಚಳ ತೆಗೆಯಲೂ ಇಲ್ಲ. ನನಗೆ ಸಹಿ ಹಾಕೆಂದರು; ಅಷ್ಟೊಂದು ಧೈರ್ಯ ನನಗೂ ಇರಲಿಲ್ಲ, ಮೂಲ ನಕ್ಷೆ ನನ್ನದಲ್ಲವೆಂದು ಜಾರಿಕೊಂಡೆ. ಚೌಕ ಖಾಲಿ ಬಿಟ್ಟೇ ಪ್ರತಿ ತೆಗೆದರು.

ಮುಂದಿನ ಮಂಗಳವಾರ ಮಧ್ಯಾಹ್ನ ಆಸ್ಪತ್ರೆಯವರು ಬಂದರು. ಮುದುಕ ಡಾಕ್ಟರು, ಜೊತೆಗೆ ಅವರ ಹಿರಿಯ ನರ್ಸ್. ಸಭೆಯ ಕೋಣೆಯಲ್ಲಿ ನಕ್ಷೆಗಳನ್ನು ಹರಡಿದ್ದರು, ಗೋಡೆಯ ಪರದೆಯ ಮೇಲೂ ಹಾಕಿದ್ದರು. ಸ್ಕೇಲಕ್ಕನನ್ನು ಕರೆಸಿದ್ದು ಹಾಳೆ ಮಗುಚುವುದಕ್ಕೆ, ನನ್ನನ್ನು ಕಂಪ್ಯೂಟರ್ ನಡೆಸುವುದಕ್ಕೆ. ಡಾಕ್ಟರಿಗಿಂತ ನರ್ಸಮ್ಮನೇ ನಕ್ಷೆಯನ್ನು ಕೂಲಂಕಷವಾಗಿ ನೋಡುತ್ತಿದ್ದರು. ಹಳೆಯ ಕಟ್ಟಡದ ಇಳಿಜಾರಿನಲ್ಲಿ ರೋಗಿಯನ್ನು ಇಳಿಸಬೇಕಾದರೆ ಹಿಂದಿನಿಂದ ಇಬ್ಬರು ಹಿಡಿದುಕೊಳ್ಳಬೇಕು, ಹೊಸದರಲ್ಲಿ ಹಾಗಾಗಬಾರದು ಎಂದು ಎರಡು ಸಲ ಹೇಳಿದರು. ಹನ್ನೆರಡು ಎಂದು ಬರೆದಿರುವುದನ್ನು ಸಾಹೇಬರು ತೋರಿಸಿದರು. ನರ್ಸಮ್ಮ ತಲೆಯಾಡಿಸಿ, ಹಾಳೆಯ ಮೂಲೆಗೆ ಬೆರಳಿಟ್ಟರು.

"ಉಳಿದಿದ್ದಕ್ಕೆಲ್ಲ ಸಹಿ ಇದೆ. ಇದಕ್ಕೆ ಯಾಕಿಲ್ಲ?"

ಸಾಹೇಬರು, ಮರೆತುಹೋಗಿರಬೇಕು, ಈಗಲೇ ಹಾಕಿಸೋಣ ಎಂದರು.

"ಮರೆತಿಲ್ಲ ಸಿಸ್ಟರ್," ಎಂದರು ಸ್ಕೇಲಕ್ಕ. "ಬರೆದೋಳು ನಾನು. ಆ ಅಂಕಿ ನಿಜ ಅಲ್ಲ, ಅದಕ್ಕೇ ಹಾಕಲಿಲ್ಲ."

ಸಾಹೇಬರು ಅವರಿಗೆ ಹೊರಗೆ ಹೋಗಲು ಹೇಳಿದರು. ಅವರು ಹೋದದ್ದು ಹೊರಕ್ಕಲ್ಲ, ನನ್ನ ಕುರ್ಚಿಯ ಹತ್ತಿರಕ್ಕೆ. ನಾನು ಎದ್ದು ಜಾಗ ಬಿಟ್ಟೆ. ಆ ಇಡೀ ಪ್ರಸಂಗದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಅವರು ಇಳಿಜಾರಿನ ಅಳತೆಯನ್ನು ಆರಿಸಿ ಅದರ ವಿವರದ ಪಟ್ಟಿ ತೆರೆದರು. ಅಂಕಿಯನ್ನು ಕೈಯಲ್ಲಿ ಬದಲಿಸಿದರೂ ನಿಜವಾದ ಅಳತೆಯನ್ನು ಆ ತಂತ್ರಾಂಶ ಮರೆಯುವುದಿಲ್ಲ; ಎರಡನ್ನೂ ಮೇಲೆ ಕೆಳಗೆ ತೋರಿಸುತ್ತದೆ. ಗೋಡೆಯ ಮೇಲೆ, ಮೊಳದುದ್ದದ ಅಕ್ಷರಗಳಲ್ಲಿ ಎರಡೂ ಮೂಡಿದವು. ಬರೆದದ್ದು ಹತ್ತು ಸಾವಿರದ ಎಂಟುನೂರು. ಇರುವುದು ಏಳು ಸಾವಿರದ ಇನ್ನೂರು. ಆಮೇಲೆ ಅವರು ಯಾರೂ ತೆರೆಯಕೂಡದ ಆ ಕಿಟಕಿಯನ್ನು ತೆರೆದು, ಏಳು ಸಾವಿರದ ಇನ್ನೂರನ್ನು ಒಂಬೈನೂರರಿಂದ ಭಾಗಿಸಿದರು. ಎಂಟು.

ನರ್ಸಮ್ಮ ಆ ಎಂಟನ್ನು ನೋಡುತ್ತಾ, ಹಳೆಯ ಕಟ್ಟಡದ್ದೂ ಹೀಗೇ ಎಂದರು. ಇದನ್ನು ಬದಲಿಸಿದವರು ಯಾರೆಂದು ಡಾಕ್ಟರು ಕೇಳಿದರು. ಉತ್ತರ ಕೊಟ್ಟದ್ದು ಸ್ಕೇಲಕ್ಕ.

"ಯಾರು ಅನ್ನೋದು ಕಚೇರಿ ಒಳಗಿನ ಮಾತು ಸರ್. ಇಳಿಜಾರಿಗೆ ಏನು ಮಾಡೋದು ಅಂತ ಕೇಳಿ, ಅದಕ್ಕೆ ಉತ್ತರ ಇದೆ."

ಕೂತಲ್ಲೇ ಮಾಡಿ ತೋರಿಸಿದರು. ಹತ್ತು ಎಂಬತ್ತನ್ನು ಎರಡು ಭಾಗ ಮಾಡಿದರೆ ಐದು ಮೀಟರ್ ನಲವತ್ತು. ತಿರುವಿನಲ್ಲಿ ಗಾಲಿಕುರ್ಚಿ ನಿಲ್ಲಲು ಒಂದೂವರೆ ಮೀಟರ್ ಸಮತಟ್ಟು. ಒಟ್ಟು ಆರು ಮೀಟರ್ ತೊಂಬತ್ತು. ಏಳು ಇಪ್ಪತ್ತರಲ್ಲಿ ಸಲೀಸಾಗಿ ಕೂರುತ್ತದೆ, ಮೂವತ್ತು ಸೆಂಟಿಮೀಟರ್ ಉಳಿಯುತ್ತದೆ ಕೂಡ. ಅಗಲ ಮಾತ್ರ ಹೆಚ್ಚಾಗಿ ಕಾರಿನ ಜಾಗ ಹೋಗುತ್ತದೆ. ಲೆಕ್ಕದ ಕಿಟಕಿಯಿಂದ ಒಂದೊಂದು ಉತ್ತರವೂ ಗೆರೆಯಾಗಿ ಇಳಿಯುತ್ತಿದ್ದಂತೆ ಗೋಡೆಯ ಮೇಲೆ ಹೊಸ ಇಳಿಜಾರು ಬೆಳೆಯಿತು.

ಡಾಕ್ಟರು ಸ್ವಲ್ಪ ಹೊತ್ತು ನೋಡಿ, ಯಾವ ಕಾರು ಎಂದು ಕೇಳಿದರು. ತಮ್ಮದೇ ಎಂದು ತಿಳಿದಾಗ ಅವರಿಗೆ ನಗು ಬಂತು. ಕಾರು ಓಡಿಸುವುದನ್ನು ಬಿಟ್ಟು ಎರಡು ವರ್ಷವಾಗಿತ್ತಂತೆ. ಅವರನ್ನು ಯಾರೂ ಕೇಳಿಯೇ ಇರಲಿಲ್ಲ.

ಆಸ್ಪತ್ರೆಯವರು ಹೋದ ಮೇಲೆ ಸಾಹೇಬರು ಕೂಗಾಡಲಿಲ್ಲ. ಕೆಲಸ ಕೈತಪ್ಪಿರಲಿಲ್ಲ, ಸ್ಕೇಲಕ್ಕನನ್ನು ತೆಗೆದರೆ ನರ್ಸಮ್ಮ ಕಾರಣ ಕೇಳುತ್ತಾರೆಂಬ ಅಳುಕೂ ಇತ್ತು. ಮರುದಿನ ಸ್ಕೇಲಕ್ಕನ ಮೇಜನ್ನು ಹಿಂಬದಿಯ ಪ್ರಿಂಟಿಂಗ್ ಕೋಣೆಗೆ ಸಾಗಿಸಿದರು. ಕಾಗದದ ಸುರುಳಿ, ಶಾಯಿಯ ವಾಸನೆ, ದಿನವಿಡೀ ಗುರ್‌ಗುಟ್ಟುವ ಯಂತ್ರ. ಅವರು ತಮ್ಮ ನೀರಿನ ಬಾಟಲಿ, ನೋಟ್‌ಬುಕ್ಕು ಎತ್ತಿಕೊಂಡು ಹೋದರು.

ನಾನು ಮೂರು ದಿನ ಆ ಕಡೆ ಸುಳಿಯಲಿಲ್ಲ. ನಾಲ್ಕನೇ ದಿನ ಹೋಗಿ, ಟೈಪ್ ಮಾಡಿದ್ದು ನಾನೇ ಎಂದೆ.

"ಗೊತ್ತು. ನಿನ್ನ ಅಕ್ಷರದ ಅಳತೆ ನಂದಕ್ಕಿಂತ ಅರ್ಧ ಮಿಲಿಮೀಟರ್ ದೊಡ್ಡದು. ಆವತ್ತೇ ಕಾಣಿಸ್ತು." ಸ್ಕೇಲಿನ ತುದಿಯಿಂದ ಒಂದು ಸ್ಟೂಲನ್ನು ನನ್ನ ಕಡೆ ತಳ್ಳಿದರು. "ಕೂತ್ಕೋ. ಬಿಡಿಸೋದು ಕಲ್ತಿದೀಯ, ಕಟ್ಟೋದು ಕಲಿ."

ಕಲಿತೆ. ನಾನೊಬ್ಬನೇ ಅಲ್ಲ. ಪ್ರಿಂಟ್ ತೆಗೆಯುವ ನೆಪದಲ್ಲಿ ಎಲ್ಲರೂ ಆ ಕೋಣೆಗೆ ಬರಲೇಬೇಕಿತ್ತು. ಬಂದವರು ಒಂದೊಂದು ಅನುಮಾನ ಹೊತ್ತು ಬರುತ್ತಿದ್ದರು. ಈ ಮೆಟ್ಟಿಲಿಗೆ ಎಷ್ಟು ಹಂತ, ಈ ತೊಟ್ಟಿಯಲ್ಲಿ ಎಷ್ಟು ನೀರು. ಕಿರಿಯ ಎಂಜಿನಿಯರುಗಳು ಮೊದಮೊದಲು ಆಚೀಚೆ ನೋಡಿ ಒಳಗೆ ಬರುತ್ತಿದ್ದವರು, ಆಮೇಲಾಮೇಲೆ ರಾಜಾರೋಷವಾಗಿ ಬರತೊಡಗಿದರು. ಸ್ಕೇಲಕ್ಕ ಯಾರಿಗೂ ಉತ್ತರ ಹೇಳುತ್ತಿರಲಿಲ್ಲ. ಕಿಟಕಿ ತೆರೆಸಿ, ಎರಡು ದಾರಿಯಲ್ಲಿ ಅವರಿಂದಲೇ ಮಾಡಿಸುತ್ತಿದ್ದರು. ಕಟ್ಟಳೆಯನ್ನು ಯಾರೂ ರದ್ದು ಮಾಡಲಿಲ್ಲ. ಯಾರೂ ಕ್ಯಾರೇ ಅನ್ನಲಿಲ್ಲ, ಅಷ್ಟೆ.

ಎರಡು ವರ್ಷದ ಬಳಿಕ ಸಾಹೇಬರು ಬೇರೆ ಕಡೆ ಹೋದರು. ಹೊಸದಾಗಿ ಬಂದವರು ಸ್ಕೇಲಕ್ಕನಿಗೆ ದೊಡ್ಡ ಕೋಣೆಯಲ್ಲಿ ಕಿಟಕಿ ಪಕ್ಕದ ಮೇಜು ಕೊಡುತ್ತೇನೆ, ಬನ್ನಿ ಎಂದು ಮರ್ಯಾದೆಯಿಂದಲೇ ಕರೆದರು. ಸ್ಕೇಲಕ್ಕ ಜಪ್ಪಯ್ಯ ಅನ್ನಲಿಲ್ಲ. "ಕಳಿಸಿದಾಗ ಹೋದೆ, ಕರೆದಾಗ ಬರೋಕೆ ಆಗಲ್ಲ. ಬೇಕಾದೋರು ಇಲ್ಲಿಗೇ ಬರ್ತಾರೆ," ಎಂದರು. ಹೊಸಬರಿಗೆ ಕಸಿವಿಸಿಯಾಯಿತು. ಆದರೂ ಒಂದು ವಾರದ ನಂತರ ಅವರೂ ಒಂದು ಚಾವಣಿಯ ಲೆಕ್ಕ ಹಿಡಿದುಕೊಂಡು ಪ್ರಿಂಟಿಂಗ್ ಕೋಣೆಯ ಬಾಗಿಲಲ್ಲಿ ನಿಂತಿದ್ದರು.

ನಾನು ಆ ಕಚೇರಿ ಬಿಡುವ ವರ್ಷ ತಂತ್ರಾಂಶದ ಹೊಸ ಆವೃತ್ತಿ ಬಂತು. ಅದರಲ್ಲಿ ಲೆಕ್ಕದ ಕಿಟಕಿಯ ಗುಂಡಿಯನ್ನು ಎಲ್ಲಿಗೋ ಸರಿಸಿಬಿಟ್ಟಿದ್ದರು. ಒಂದು ಬೆಳಿಗ್ಗೆಯೆಲ್ಲ ಹುಡುಕಿ ಸಿಗದೆ, ಸ್ಕೇಲಕ್ಕ ಸಹಾಯವಾಣಿಗೆ ಫೋನು ಮಾಡಿದರು. ನಾನು ಪ್ರತಿ ತೆಗೆಯಲು ಹೋದಾಗ ನಲವತ್ತು ನಿಮಿಷದಿಂದ ಜಗಳ ನಡೆದಿತ್ತು. ಆ ಕಡೆಯವನು, ನಕ್ಷೆ ಬರೆಯುವವರು ಅದನ್ನು ಅಷ್ಟಾಗಿ ಬಳಸುವುದಿಲ್ಲ, ಅದಕ್ಕೇ ಒಳಗೆ ಹಾಕಿದ್ದೇವೆ ಎಂದನಂತೆ. ಅವರು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು, ಕುರ್ಚಿಯಲ್ಲಿ ಸರಿಯಾಗಿ ಕೂತರು.

"ಬಳಸೋಳು ಮಾತಾಡ್ತಿದೀನಲ್ಲಪ್ಪ. ಎಲ್ಲಿಟ್ಟಿದೀರ ಹೇಳು, ಬರ್ಕೊಳ್ತೀನಿ."